ಕೋಡ್ ಸ್ನಿಪೆಟ್ ಎಲ್ಲಿಡೋದು? ಎಡಿಟರ್, ಜಿಸ್ಟ್, ರೆಪೊ, ಪ್ಯಾಕೇಜ್: ಯಾರಿಗೆ ಯಾವುದು ಸರಿ

ಹೋದ ತಿಂಗಳು ಒಂದೇ ಪ್ರಶ್ನೆ ಮೂರು ಕಡೆಯಿಂದ ಬಂತು. ವಿಜಯನಗರದ ಪಿಜಿಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿರುವ ಹುಡುಗಿ ಕೇಳಿದಳು: "ಅಕ್ಕಾ, ಪ್ರತಿ ಪ್ರಾಜೆಕ್ಟ್‌ಗೂ ಅದೇ ಕೋಡ್ ಹುಡುಕಿ ಹುಡುಕಿ ಸಾಕಾಯ್ತು. ಎಲ್ಲಿ ಸೇರಿಸಿಡಲಿ?" ಜಯನಗರದಲ್ಲಿ ಮನೆಯಿಂದಲೇ ಅಂಗಡಿ, ಕ್ಲಿನಿಕ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವ ಗೆಳತಿಯದೂ ಅದೇ ಗೋಳು. ವೈಟ್‌ಫೀಲ್ಡ್‌ನಲ್ಲಿ ಆರು ಜನರ ತಂಡ ನೋಡಿಕೊಳ್ಳುವ ಹಳೇ ಸಹೋದ್ಯೋಗಿ ಮಾತ್ರ ಸ್ವಲ್ಪ ಬೇರೆ ಥರ ಕೇಳಿದರು: "ತಾರೀಖು ತೋರಿಸೋ ಫಂಕ್ಷನ್ ನಮ್ಮಲ್ಲಿ ಆರು ಜನ ಆರು ಥರ ಬರೆದಿದ್ದಾರೆ ರೀ. ಇದನ್ನ ಹೇಗೆ ಒಂದು ಮಾಡೋದು?"

ಮೂವರಿಗೂ ಒಂದೇ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಯಾಕೆ ಅಂತ ಹೇಳುವ ಮೊದಲು ನನ್ನ ಒಂದು ತಪ್ಪನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ಬಸವನಗುಡಿ ಕಡೆಯ ಒಂದು ಅಂಗಡಿಗೆ ಆರ್ಡರ್ ಫಾರಂ ಮಾಡಿಕೊಟ್ಟಿದ್ದೆ. ಮೊಬೈಲ್ ನಂಬರ್ ಸರಿಯಿದೆಯಾ ಅಂತ ನೋಡುವ ಒಂದು ಸಾಲಿನ ರೆಜೆಕ್ಸ್ (ಅಕ್ಷರಗಳು ಒಂದು ಮಾದರಿಗೆ ಹೊಂದುತ್ತವಾ ಅಂತ ನೋಡುವ ಸೂತ್ರ) ನನ್ನ ಹತ್ತಿರ ಮೊದಲೇ ಇತ್ತು. ಹತ್ತು ಅಂಕಿ ಇರಬೇಕು, ಮೊದಲನೆಯದು 7, 8 ಅಥವಾ 9 ಆಗಿರಬೇಕು. ಬರೆದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಆಮೇಲೆ 6ರಿಂದ ಶುರುವಾಗುವ ನಂಬರ್‌ಗಳೂ ಬಂದವು. ನನ್ನ ಸಾಲು ಹಳೇದೇ ಉಳಿಯಿತು. ಒಬ್ಬರು ಹಿರಿಯ ಹೆಂಗಸು ಮೂರು ಸಲ ಪ್ರಯತ್ನಪಟ್ಟು, ಕೊನೆಗೆ ಅಂಗಡಿಗೆ ಫೋನ್ ಮಾಡಿ, "ನನ್ನ ನಂಬರೇ ತಪ್ಪು ಅಂತಿದೆ ನಿಮ್ಮ ಕಂಪ್ಯೂಟರು" ಅಂದರಂತೆ. ತಿದ್ದಬೇಕಾದದ್ದು ಒಂದೇ ಅಂಕಿ. ಆದರೆ ಆ ಸಾಲನ್ನು ಎಷ್ಟು ಸೈಟ್‌ಗಳಲ್ಲಿ ಅಂಟಿಸಿದ್ದೆ ಅಂತ ನನಗೇ ಲೆಕ್ಕ ಇರಲಿಲ್ಲ. ಎರಡು ಸಂಜೆ ಕೂತು ಹಳೇ ಫೋಲ್ಡರ್‌ಗಳನ್ನೆಲ್ಲ ಜಾಲಾಡಿದೆ. ಒಂಬತ್ತು ಕಡೆ ಸಿಕ್ಕಿತು.

ಅವತ್ತಿನಿಂದ ಯಾವುದೇ ಸ್ನಿಪೆಟ್, ಅಂದರೆ ಮತ್ತೆ ಮತ್ತೆ ಬೇಕಾಗುವ ಕೋಡ್ ತುಣುಕು, ಎತ್ತಿಡುವಾಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ನಾಳೆ ಇದರಲ್ಲಿ ತಪ್ಪು ಸಿಕ್ಕರೆ ಎಷ್ಟು ಕಡೆ ತಿದ್ದಬೇಕು?

## ಅಳೆಯುವ ಕೋಲು

ಆ ಪ್ರಶ್ನೆಯೇ ನನ್ನ ಮೊದಲ ಅಳತೆ. ಎರಡನೆಯದು ವೇಗ. ಬೇಕಾದಾಗ ಎರಡು ಸೆಕೆಂಡಿನಲ್ಲಿ ಕೈಗೆ ಸಿಗುತ್ತದಾ, ಇಲ್ಲಾ ಐದು ಟ್ಯಾಬ್ ತೆರೆಯಬೇಕಾ? ಹುಡುಕುವುದಕ್ಕಿಂತ ಹೊಸದಾಗಿ ಬರೆಯುವುದೇ ಬೇಗ ಅನ್ನಿಸಿಬಿಟ್ಟರೆ ಆ ಸಂಗ್ರಹ ಇದ್ದೂ ಇಲ್ಲದ ಹಾಗೆ.

ಮೂರನೆಯದು, ಯಾರ ಜೊತೆ ಹಂಚಿಕೊಳ್ಳಬೇಕು, ಯಾರ ಕಣ್ಣಿಗೆ ಬೀಳಬಾರದು ಅನ್ನುವುದು. ನಾಲ್ಕನೆಯದನ್ನು ನಮ್ಮ ಬೆಂಗಳೂರಿನಲ್ಲಿ ಯಾರೂ ಮರೆಯಬಾರದು. ಕೆಲಸ ಬಿಡುವ ದಿನ ಆಫೀಸ್ ಲ್ಯಾಪ್‌ಟಾಪ್ ವಾಪಸ್ ಕೊಡುತ್ತೀರಿ. ಅವತ್ತು ನಿಮ್ಮ ಸ್ನಿಪೆಟ್‌ಗಳು ನಿಮ್ಮ ಜೊತೆ ಬರುತ್ತವಾ? ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರು ಎಷ್ಟೋ ಜನ ಇದ್ದಾರೆ. ಪ್ರತಿ ಸಲ ಸೊನ್ನೆಯಿಂದ ಶುರು ಮಾಡುವವರನ್ನು ನೋಡಿದ್ದೇನೆ. ಒಂದು ಮಾತು ಸ್ಪಷ್ಟವಾಗಿರಲಿ. ಆಫೀಸ್ ಕೆಲಸಕ್ಕಾಗಿ ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಯ ಆಸ್ತಿ. ನಾನು ಹೇಳುತ್ತಿರುವುದು ನಿಮ್ಮ ಸ್ವಂತ ಸಮಯದಲ್ಲಿ, ಸ್ವಂತ ಯಂತ್ರದಲ್ಲಿ ಮಾಡಿಕೊಂಡ ಸಂಗ್ರಹದ ಬಗ್ಗೆ ಮಾತ್ರ.

ಕೊನೆಯದು ಖರ್ಚು. ಇಲ್ಲಿ ಬರುವ ಆಯ್ಕೆಗಳಲ್ಲಿ ಹೆಚ್ಚಿನವು ಪುಕ್ಕಟೆ. ನಿಜವಾಗಿ ಖರ್ಚಾಗುವುದು ನಿಮ್ಮ ಸಮಯ.

## ಮೊದಲು, ಏನನ್ನು ಎತ್ತಿಡಬೇಕು

ನೆಟ್‌ನಲ್ಲಿ ಒಂದೇ ನಿಮಿಷದಲ್ಲಿ ಸಿಗುವುದನ್ನು ಎತ್ತಿಡುವ ಅಗತ್ಯ ಇಲ್ಲ. ಒಂದು ಡಿವ್ ಅನ್ನು (ಪುಟದ ಒಂದು ಚೌಕವನ್ನು) ನಡುವೆ ನಿಲ್ಲಿಸುವುದು ಹೇಗೆ ಅಂತ ಎಲ್ಲರೂ ಬರೆದಿದ್ದಾರೆ. ಎತ್ತಿಡಬೇಕಾದದ್ದು ನಮ್ಮ ಊರಿನ, ನಮ್ಮ ಭಾಷೆಯ, ನಮ್ಮ ಗಿರಾಕಿಗಳ ಕೋಡ್. ಅದು ಹೊರಗೆ ಸಿಗುವುದು ಕಡಿಮೆ. ಸಿಕ್ಕರೂ ಅರ್ಧಂಬರ್ಧ ಇರುತ್ತದೆ.

ಜಿಎಸ್‌ಟಿ ನಂಬರ್ ತೆಗೆದುಕೊಳ್ಳಿ. ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್, ಆಮೇಲಿನ ಹತ್ತು ಪ್ಯಾನ್ ನಂಬರ್. ಕರ್ನಾಟಕಕ್ಕೆ 29. ಇಲ್ಲಿಯ ಅಂಗಡಿ ತಾನೇ ಅಂತ 29 ಅನ್ನೇ ಗಟ್ಟಿ ಮಾಡಿ ಬರೆದರೆ, ಹೊಸೂರಿನಿಂದ ಬಂದು ಖರೀದಿ ಮಾಡುವ ವ್ಯಾಪಾರಿಯ ತಮಿಳುನಾಡಿನ 33 ತಪ್ಪಾಗಿ ಕಾಣುತ್ತದೆ. ಪಿನ್ ಕೋಡ್ ಕಥೆಯೂ ಹೀಗೇ. ಆರು ಅಂಕಿ, ಮೊದಲನೆಯದು ಸೊನ್ನೆ ಆಗಿರಬಾರದು. ಬೆಂಗಳೂರಿಗೆ ಮಾತ್ರ ಡೆಲಿವರಿ ಅಂತ 560ಕ್ಕೆ ಕಟ್ಟಿಹಾಕಿದರೆ, 562110 ಹಾಕುವ ದೇವನಹಳ್ಳಿಯವರು ಹೊರಗೇ ಉಳಿಯುತ್ತಾರೆ. ವಿಮಾನ ನಿಲ್ದಾಣದ ಪಕ್ಕದವರನ್ನು ಬಿಟ್ಟು ಬೆಂಗಳೂರು ಡೆಲಿವರಿ ಅಂದರೆ ಹೇಗೆ?

ತಾರೀಖಿನ ವಿಷಯ ಇನ್ನೂ ಸೂಕ್ಷ್ಮ. ಕ್ಯಾಲೆಂಡರ್‌ನಲ್ಲಿ ಗಿರಾಕಿ 15ನೇ ತಾರೀಖು ಆರಿಸುತ್ತಾರೆ. ಬ್ರೌಸರ್ ಓಡಿಸುವ ಭಾಷೆ ಜಾವಾಸ್ಕ್ರಿಪ್ಟ್ ಅದನ್ನು ನಮ್ಮ ಊರಿನ ಮಧ್ಯರಾತ್ರಿ ಅಂತ ಇಟ್ಟುಕೊಳ್ಳುತ್ತದೆ. ಅದನ್ನು ಟು-ಐಎಸ್‌ಓ-ಸ್ಟ್ರಿಂಗ್ ಅನ್ನುವ ಫಂಕ್ಷನ್‌ನಿಂದ ಪಠ್ಯ ಮಾಡಿ ಸರ್ವರ್‌ಗೆ ಕಳಿಸಿದರೆ ಯುಟಿಸಿಗೆ, ಅಂದರೆ ಜಗತ್ತಿನ ಸಾಮಾನ್ಯ ಸಮಯಕ್ಕೆ, ತಿರುಗುತ್ತದೆ. ನಾವು ಐದೂವರೆ ಗಂಟೆ ಮುಂದೆ ಇದ್ದೇವೆ. ಹಾಗಾಗಿ ಸರ್ವರ್‌ಗೆ ಸೇರುವುದು 14ನೇ ತಾರೀಖು ಸಂಜೆ ಆರೂವರೆ. ಕ್ಲಿನಿಕ್‌ನ ಅಪಾಯಿಂಟ್‌ಮೆಂಟ್ ಒಂದು ದಿನ ಹಿಂದಕ್ಕೆ ಹೋಯಿತು. ಈ ತಪ್ಪನ್ನು ಒಮ್ಮೆ ಅನುಭವಿಸಿದವರು ತಾರೀಖಿನ ಫಂಕ್ಷನ್ ಅನ್ನು ಜೋಪಾನವಾಗಿ ಎತ್ತಿಡುತ್ತಾರೆ.

ಕನ್ನಡದ್ದೇ ಇನ್ನೊಂದು ಹೇಳುತ್ತೇನೆ, ಯಾಕೆಂದರೆ ಇದು ನನಗೆ ತುಂಬಾ ಮುಖ್ಯ. 'ಲಕ್ಷ್ಮಿ' ಅನ್ನುವ ಹೆಸರಿನ ಉದ್ದ ಎಷ್ಟು? ಕಣ್ಣಿಗೆ ಕಾಣುವುದು ಎರಡು ಅಕ್ಷರ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಕೇಳಿದರೆ 7 ಅನ್ನುತ್ತದೆ. ಲ, ಕ, ವಿರಾಮ (ಸ್ವರ ಇಲ್ಲದಂತೆ ಮಾಡುವ ಗುರುತು), ಷ, ಮತ್ತೊಂದು ವಿರಾಮ, ಮ, ಕೊನೆಗೆ ಇ ಕಾರದ ಗುಣಿತ. ಹೆಸರನ್ನು ಮೂರಕ್ಕೆ ಕತ್ತರಿಸಿ ಮುಂದೆ ಚುಕ್ಕಿ ಹಾಕುವ ಕೋಡ್ ಇದ್ದರೆ ಪರದೆಯ ಮೇಲೆ 'ಲಕ್' ಅಂತ ಬರುತ್ತದೆ. ಜೊತೆಗೆ ಸಾಲಿನ ಎತ್ತರ. ಇಂಗ್ಲಿಷ್ ವಿನ್ಯಾಸದಿಂದ ಬಂದ ಬಿಗಿಯಾದ ಲೈನ್-ಹೈಟ್‌ನಲ್ಲಿ ಈ ಹೆಸರಿನ ಒತ್ತುಗಳು ಕೆಳಗೆ ಇಳಿದು, ಬಟನ್‌ನ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗುತ್ತವೆ. ಕನ್ನಡ ಪಠ್ಯಕ್ಕೆ ನಾನು ಅಕ್ಷರದ ಗಾತ್ರದ 1.6 ಪಟ್ಟಿಗಿಂತ ಕಡಿಮೆ ಇಡುವುದಿಲ್ಲ. ಇಂಥವೇ ಎತ್ತಿಡಬೇಕಾದ ತುಣುಕುಗಳು. ಒಮ್ಮೆ ಕಷ್ಟಪಟ್ಟು ಕಲಿತದ್ದು ಮುಂದಿನ ಸೈಟಿಗೆ ತಾನಾಗಿ ಸಿಗಬೇಕು.

ಈಗ ಆಯ್ಕೆಗಳಿಗೆ ಬರೋಣ.

## ವಾಟ್ಸಾಪ್, ನೋಟ್‌ಪ್ಯಾಡ್

ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ, ಅದರಲ್ಲೇನೂ ತಪ್ಪಿಲ್ಲ. ಆದರೆ ಕೋಡ್ ಇಡಲು ಇದು ಜಾಗ ಅಲ್ಲ. ಚ್ಯಾಟ್‌ನಲ್ಲಿ ನಕ್ಷತ್ರ ಗುರುತು, ಅಂಡರ್‌ಸ್ಕೋರ್ ಹಾಕಿದರೆ ಅಕ್ಷರ ದಪ್ಪ, ಓರೆ ಆಗಿಬಿಡುತ್ತವೆ. ಕೆಲವು ಫೋನ್ ಕೀಬೋರ್ಡ್‌ಗಳು ನೇರ ಉದ್ಧರಣ ಚಿಹ್ನೆಯನ್ನು ಬಾಗಿದ್ದಾಗಿ ಮಾಡುತ್ತವೆ. ಅಂಟಿಸಿದಾಗ ಕೋಡ್ ಓಡುವುದಿಲ್ಲ, ಕಾರಣ ಕಣ್ಣಿಗೂ ಕಾಣುವುದಿಲ್ಲ. ಬಸ್ಸಿನಲ್ಲಿ ಹೋಗುವಾಗ ಹೊಳೆದದ್ದನ್ನು ಬರೆದುಕೊಳ್ಳಿ, ಮನೆ ಸೇರಿದ ಮೇಲೆ ಸರಿಯಾದ ಜಾಗಕ್ಕೆ ಹಾಕಿ. ಅಷ್ಟೇ.

## ಎಡಿಟರ್ ಒಳಗಿನ ಸ್ನಿಪೆಟ್

ಇದು ಒಲೆ ಪಕ್ಕದ ಒಗ್ಗರಣೆ ಡಬ್ಬಿ. ಕೈ ಚಾಚಿದರೆ ಸಾಸಿವೆ ಸಿಗಬೇಕು, ಅಟ್ಟ ಹತ್ತಬಾರದು. ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ.

ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಕಮಾಂಡ್ ಪ್ಯಾಲೆಟ್ (ಆಜ್ಞೆ ಹುಡುಕುವ ಪೆಟ್ಟಿಗೆ) ತೆರೆದು ಕಾನ್ಫಿಗರ್ ಸ್ನಿಪೆಟ್ಸ್ ಆರಿಸಿದರೆ ಒಂದು ಜೇಸನ್ ಫೈಲ್ (ಮಾಹಿತಿಯನ್ನು ಹೆಸರು-ಮೌಲ್ಯ ಜೋಡಿಯಾಗಿ ಬರೆದಿಡುವ ಪಠ್ಯ) ಬರುತ್ತದೆ. ಪ್ರತಿ ಸ್ನಿಪೆಟ್‌ಗೆ ಮೂರು ಭಾಗ. ಪ್ರಿಫಿಕ್ಸ್ ಅಂದರೆ ನೀವು ಟೈಪ್ ಮಾಡುವ ಚಿಕ್ಕ ಹೆಸರು. ಬಾಡಿ ಅಂದರೆ ಬಂದು ಕೂರಬೇಕಾದ ಕೋಡ್. ಡಿಸ್ಕ್ರಿಪ್ಷನ್ ಅಂದರೆ ಎರಡು ಮಾತಿನ ವಿವರಣೆ. ಬಾಡಿಯಲ್ಲಿ $1, $2 ಅಂತ ಇಟ್ಟರೆ ಟ್ಯಾಬ್ ಒತ್ತಿದಂತೆ ಕರ್ಸರ್ ಅಲ್ಲಲ್ಲಿಗೆ ಜಿಗಿಯುತ್ತದೆ. ಕೊನೆಗೆ ನಿಲ್ಲಬೇಕಾದ ಜಾಗಕ್ಕೆ $0.

ನಾನು ದಿನಾ ಬಳಸುವುದು ಫೆಚ್ (ಸರ್ವರ್‌ನಿಂದ ಮಾಹಿತಿ ತರುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಸ್ನಿಪೆಟ್. ಸರ್ವರ್ 404 (ಕೇಳಿದ್ದು ಇಲ್ಲ) ಅಥವಾ 500 (ಸರ್ವರ್‌ನಲ್ಲೇ ತಪ್ಪು) ಕೊಟ್ಟರೂ ಫೆಚ್ ಎರರ್ ಎಸೆಯುವುದಿಲ್ಲ, ಎಲ್ಲ ಸರಿಯಿದೆ ಅನ್ನುವ ಹಾಗೆ ಮುಂದಕ್ಕೆ ಹೋಗುತ್ತದೆ. ಉತ್ತರದ 'ಓಕೆ' ಸರಿಯಿದೆಯಾ ಅಂತ ನಾವೇ ನೋಡಬೇಕು. ಹೊಸಬರು ಮರೆಯುತ್ತಾರೆ. ಸುಸ್ತಾದ ದಿನ ಹಳಬರೂ ಮರೆಯುತ್ತಾರೆ. ಆ ಪರೀಕ್ಷೆ ಸ್ನಿಪೆಟ್ ಒಳಗೇ ಇದ್ದರೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಕಲ್ಲು ಒಂದಿದೆ. ಡಾಲರ್ ಗುರುತು ಸ್ನಿಪೆಟ್‌ಗೆ ವಿಶೇಷ ಅರ್ಥದ್ದು. ಆದರೆ ಜಾವಾಸ್ಕ್ರಿಪ್ಟ್‌ನ ಟೆಂಪ್ಲೇಟ್ ಸ್ಟ್ರಿಂಗ್‌ನಲ್ಲೂ (ನಡುವೆ ವೇರಿಯಬಲ್ ತುಂಬುವ ಪಠ್ಯದಲ್ಲೂ) ಡಾಲರ್ ಬರುತ್ತದೆ. ಸುಮ್ನೆ ಹಾಗೇ ಬರೆದರೆ ಸ್ನಿಪೆಟ್ ಅದನ್ನು ತನ್ನ ವೇರಿಯಬಲ್ ಅಂದುಕೊಂಡು ಡಾಲರ್ ಮತ್ತು ಆವರಣವನ್ನು ನುಂಗಿಬಿಡುತ್ತದೆ. ಆ ಡಾಲರ್‌ಗಿಂತ ಮೊದಲು ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ. ಒಂದು ಜೇಸನ್‌ಗೆ, ಇನ್ನೊಂದು ಸ್ನಿಪೆಟ್‌ಗೆ.

ಪ್ರಿಫಿಕ್ಸ್‌ಗೆ ನಿಮ್ಮದೇ ಒಂದು ಗುರುತು ಇಟ್ಟುಕೊಳ್ಳಿ. ನನ್ನವೆಲ್ಲ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಆ ಅಕ್ಷರ ಒತ್ತಿದರೆ ಪಟ್ಟಿ ಪೂರ್ತಿ ಕಣ್ಣ ಮುಂದೆ. ಎಚ್‌ಟಿಎಂಎಲ್‌ಗೆ ಅಂತೂ ಎಮ್ಮೆಟ್ ಅನ್ನುವ ಚುಟುಕು ಬರಹದ ಸೌಲಭ್ಯ ಮೊದಲೇ ಒಳಗಿದೆ. ಆಶ್ಚರ್ಯ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಪುಟದ ಇಡೀ ಚೌಕಟ್ಟು ಬರುತ್ತದೆ. ಅದನ್ನೇ ಮತ್ತೆ ಸ್ನಿಪೆಟ್ ಮಾಡಿ ಇಡಬೇಡಿ. ಬಂದ ಚೌಕಟ್ಟಿನಲ್ಲಿ ಪುಟದ ಭಾಷೆ ಇಂಗ್ಲಿಷ್ ಅಂತ ಇರುತ್ತದೆ. ಕನ್ನಡ ಪುಟವಾದರೆ ಅದನ್ನು ಕೆಎನ್ ಅಂತ ಬದಲಿಸುವುದು ಮರೆಯಬೇಡಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸಾಫ್ಟ್‌ವೇರ್ ಯಾವ ಭಾಷೆಯ ದನಿ ಬಳಸಬೇಕು ಅನ್ನುವುದು ಅದರಿಂದಲೇ ಗೊತ್ತಾಗುವುದು.

ಕೊರತೆ ಏನು? ಒಮ್ಮೆ ಬಂದು ಕೂತ ಕೋಡ್‌ಗೆ ಮೂಲದ ಜೊತೆ ಸಂಬಂಧ ಕಡಿದುಹೋಗುತ್ತದೆ. ಸ್ನಿಪೆಟ್ ತಿದ್ದಿದರೆ ಹಳೇ ಪ್ರಾಜೆಕ್ಟ್‌ಗಳು ತಿದ್ದಿಕೊಳ್ಳುವುದಿಲ್ಲ. ನನ್ನ ಮೊಬೈಲ್ ನಂಬರ್ ಕಥೆ ಇಲ್ಲಿ ಮತ್ತೆ ನಡೆಯಬಹುದು. ಹಾಗಾಗಿ ಚೌಕಟ್ಟಿನಂಥ ಕೋಡ್‌ಗೆ ಇದು ಸರಿ, ನಿಯಮಗಳಿರುವ ಕೋಡ್‌ಗೆ ಅಲ್ಲ. ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿದರೆ ಸ್ನಿಪೆಟ್‌ಗಳು ಗಿಟ್‌ಹಬ್ (ಕೋಡ್ ಇಡುವ ಜಾಲತಾಣ) ಅಥವಾ ಮೈಕ್ರೋಸಾಫ್ಟ್ ಖಾತೆಗೆ ಸೇರುತ್ತವೆ. ಅದು ನಿಮ್ಮ ಸ್ವಂತ ಖಾತೆಯಾ, ಆಫೀಸಿನದಾ ಅಂತ ಈಗಲೇ ನೋಡಿಕೊಳ್ಳಿ. ಆಫೀಸಿನದಾದರೆ ಕೆಲಸ ಬಿಟ್ಟ ದಿನ ಆ ಬಾಗಿಲು ಮುಚ್ಚುತ್ತದೆ.

ತಂಡಗಳಿಗೆ ಒಂದು ಒಳ್ಳೆ ದಾರಿ ಇದೆ, ಜಾಸ್ತಿ ಜನ ಬಳಸುವುದಿಲ್ಲ. ಪ್ರಾಜೆಕ್ಟ್‌ನ ಡಾಟ್ ವಿಎಸ್‌ಕೋಡ್ ಫೋಲ್ಡರ್ ಒಳಗೆ ಕೋಡ್-ಸ್ನಿಪೆಟ್ಸ್ ಅಂತ ಕೊನೆಯಾಗುವ ಫೈಲ್ ಇಟ್ಟು ಗಿಟ್‌ಗೆ (ಕೋಡ್‌ನ ಪ್ರತಿ ಬದಲಾವಣೆ ದಾಖಲಿಸುವ ಉಪಕರಣಕ್ಕೆ) ಸೇರಿಸಿದರೆ, ಪ್ರಾಜೆಕ್ಟ್ ಇಳಿಸಿಕೊಂಡ ಎಲ್ಲರಿಗೂ ಅದೇ ಸ್ನಿಪೆಟ್‌ಗಳು ಸಿಗುತ್ತವೆ. ಹೊಸದಾಗಿ ಸೇರಿದವರಿಗೆ ಪಾಠ ಹೇಳುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

## ಗಿಟ್‌ಹಬ್ ಜಿಸ್ಟ್

ಚಿಕ್ಕ ಕೋಡ್ ಇಟ್ಟು ಲಿಂಕ್‌ನಿಂದ ಹಂಚುವ ಗಿಟ್‌ಹಬ್‌ನ ಜಾಗ ಜಿಸ್ಟ್. 2008ರಿಂದ ಇದೆ. ಪುಕ್ಕಟೆ. ಒಂದು ಲಿಂಕ್ ಕಳಿಸಿದರೆ ಸಾಕು, ಇನ್ನೊಬ್ಬರು ಬಣ್ಣ ಬಣ್ಣದ ಕೋಡ್ ನೋಡುತ್ತಾರೆ. ಪ್ರತಿ ಜಿಸ್ಟ್ ಒಂದು ಗಿಟ್ ರೆಪೊ (ಇತಿಹಾಸ ಸಮೇತ ಫೈಲ್‌ಗಳ ಸಂಗ್ರಹ) ಆಗಿರುವುದರಿಂದ ಯಾವಾಗ ಏನು ಬದಲಾಯಿಸಿದಿರಿ ಅನ್ನುವುದೂ ಉಳಿಯುತ್ತದೆ. ಗೆಳೆಯರಿಗೆ ತೋರಿಸಲು, ಸಂದರ್ಶನಕ್ಕೆ ಹೋಗುವಾಗ ನಾಲ್ಕು ಒಳ್ಳೆ ತುಣುಕು ಹಂಚಿಕೊಳ್ಳಲು ಇದಕ್ಕಿಂತ ಸುಲಭ ಯಾವುದೂ ಇಲ್ಲ.

ಆದರೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಸೀಕ್ರೆಟ್ ಜಿಸ್ಟ್ ಅಂದರೆ ಖಾಸಗಿ ಅಂತ ಜನ ನಂಬುತ್ತಾರೆ. ಅದು ಖಾಸಗಿ ಅಲ್ಲ. ಹುಡುಕಿದರೆ ಸಿಗುವುದಿಲ್ಲ ಅಷ್ಟೇ, ಲಿಂಕ್ ಗೊತ್ತಿದ್ದವರೆಲ್ಲ ತೆರೆಯಬಹುದು. ಎಪಿಐ ಕೀ (ಬೇರೆ ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ), ಪಾಸ್‌ವರ್ಡ್, ಗಿರಾಕಿಯ ಸರ್ವರ್ ವಿಳಾಸ ಇರುವ ಕೋಡ್ ಅನ್ನು ಅಲ್ಲಿ ಯಾವತ್ತೂ ಇಡಬೇಡಿ. ಒಮ್ಮೆ ಇಟ್ಟು ಆಮೇಲೆ ಅಳಿಸಿದರೂ ಹಳೇ ಆವೃತ್ತಿಯಲ್ಲಿ ಉಳಿದಿರುತ್ತದೆ. ಹಾಗಾದರೆ ಮಾಡಬೇಕಾದದ್ದು ಒಂದೇ, ಆ ಕೀಯನ್ನೇ ರದ್ದು ಮಾಡಿ ಹೊಸದು ಪಡೆಯಬೇಕು.

ಸಂಖ್ಯೆ ಬೆಳೆದಂತೆ ಜಿಸ್ಟ್ ತೊಡಕಾಗುತ್ತದೆ. ಫೋಲ್ಡರ್ ಇಲ್ಲ. ಮೂವತ್ತು ದಾಟಿದ ಮೇಲೆ ನನ್ನದೇ ಜಿಸ್ಟ್ ನನಗೇ ಸಿಗುತ್ತಿರಲಿಲ್ಲ. ಇನ್ನೊಂದು ಮಾತು. ಬೇರೆಯವರ ಜಿಸ್ಟ್‌ನಿಂದ ಎತ್ತಿಕೊಳ್ಳುವಾಗ ಲೈಸೆನ್ಸ್ ಇದೆಯಾ ನೋಡಿ. ಏನೂ ಬರೆದಿಲ್ಲ ಅಂದರೆ ಯಾರು ಬೇಕಾದರೂ ಬಳಸಬಹುದು ಅಂತ ಅರ್ಥ ಅಲ್ಲ, ಹಕ್ಕು ಬರೆದವರದ್ದೇ.

## ಸ್ವಂತ ರೆಪೊ

ನನ್ನ ಮನಸ್ಸಿಗೆ ತುಂಬಾ ಹತ್ತಿರದ ಆಯ್ಕೆ ಇದು. ಗಿಟ್‌ಹಬ್‌ನಲ್ಲಿ ಖಾಸಗಿ ರೆಪೊ 2019ರಿಂದ ಪುಕ್ಕಟೆ. 2020ರ ಏಪ್ರಿಲ್‌ನಿಂದ ಎಷ್ಟು ಜನರನ್ನು ಬೇಕಾದರೂ ಸೇರಿಸಿಕೊಳ್ಳಬಹುದು. ಹಾಗಾಗಿ ದುಡ್ಡಿನ ಮಾತೇ ಇಲ್ಲ.

ನನ್ನ ರೆಪೊ ಹೀಗಿದೆ. ಫಾರಂ, ತಾರೀಖು, ಹಣ, ಕನ್ನಡ, ಸೆಟಪ್ ಅಂತ ಐದು ಫೋಲ್ಡರ್. ಪ್ರತಿ ಫೈಲ್ ಮೇಲೆ ಮೂರು ಸಾಲಿನ ಟಿಪ್ಪಣಿ: ಏನು ಮಾಡುತ್ತದೆ, ಕೊನೆಯದಾಗಿ ಯಾವಾಗ ಪರೀಕ್ಷಿಸಿದೆ, ಯಾವ್ಯಾವ ಸೈಟ್‌ಗೆ ಹಾಕಿದ್ದೇನೆ. ಆ ಮೂರನೇ ಸಾಲು ನನ್ನ ಎರಡು ಸಂಜೆಗಳು ಕಲಿಸಿದ್ದು. ಪಕ್ಕದಲ್ಲೇ ಒಂದು ಚಿಕ್ಕ ಪರೀಕ್ಷೆ ಫೈಲ್. ಮೊಬೈಲ್ ನಂಬರ್ ಆದರೆ 6ರಿಂದ ಶುರುವಾಗುವ ಒಂದು, ಮುಂದೆ ಪ್ಲಸ್ 91 ಇರುವ ಒಂದು, ನಡುವೆ ಜಾಗ ಬಿಟ್ಟು ಬರೆದ ಒಂದು, ಒಂಬತ್ತೇ ಅಂಕಿಯ ಒಂದು. ಯಾವುದು ಪಾಸಾಗಬೇಕು, ಯಾವುದು ಫೇಲಾಗಬೇಕು ಅಂತ ಅಲ್ಲೇ ಬರೆದಿದೆ.

ಲ್ಯಾಪ್‌ಟಾಪ್‌ನಲ್ಲಿ ಇಳಿಸಿಕೊಂಡಿರುವುದರಿಂದ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಮಳೆಗಾಲದ ಸಂಜೆ ಕರೆಂಟ್ ಹೋಗಿ, ವೈಫೈಯೂ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಇದರ ಕೊರತೆ ವೇಗ. ಫೈಲ್ ತೆರೆದು, ನಕಲು ಮಾಡಿ, ಅಂಟಿಸಬೇಕು. ಹಾಗಾಗಿ ದಿನಾ ಬಳಸುವ ಹತ್ತನ್ನು ಎಡಿಟರ್‌ಗೆ ಹಾಕಿ, ಉಳಿದದ್ದನ್ನು ಇಲ್ಲಿಡುತ್ತೇನೆ.

ಇದರ ಅಣ್ಣ ಅನ್ನಬಹುದಾದದ್ದು ಟೆಂಪ್ಲೇಟ್ ರೆಪೊ. ಸೆಟ್ಟಿಂಗ್‌ನಲ್ಲಿ ಒಂದು ಗುರುತು ಹಾಕಿದರೆ ಸಾಕು, 'ಯೂಸ್ ದಿಸ್ ಟೆಂಪ್ಲೇಟ್' ಅನ್ನುವ ಬಟನ್ ಬರುತ್ತದೆ. ಒಂದೇ ಕ್ಲಿಕ್‌ಗೆ ಹೊಸ ಪ್ರಾಜೆಕ್ಟ್ ತಯಾರು. ತಿಂಗಳಿಗೆ ಎರಡು ಮೂರು ಚಿಕ್ಕ ಸೈಟ್ ಮಾಡುವವರಿಗೆ ಇದು ದೊಡ್ಡ ಉಪಕಾರ. ಆದರೆ ಇಲ್ಲೂ ಹುಟ್ಟಿದ ಮೇಲೆ ತಾಯಿ ಮಕ್ಕಳ ಸಂಬಂಧ ಇಲ್ಲ. ಟೆಂಪ್ಲೇಟ್ ತಿದ್ದಿದರೆ ಹಳೇ ಸೈಟ್‌ಗೆ ತಲುಪುವುದಿಲ್ಲ.

## ಪ್ಯಾಕೇಜ್

ತಿದ್ದಿದ್ದು ಎಲ್ಲ ಕಡೆ ತಲುಪಬೇಕಾದರೆ ಇವುಗಳಲ್ಲಿ ಪ್ಯಾಕೇಜ್, ಅಂದರೆ ಹಲವು ಪ್ರಾಜೆಕ್ಟ್‌ಗಳು ಒಂದೇ ಮೂಲದಿಂದ ಇನ್‌ಸ್ಟಾಲ್ ಮಾಡಿಕೊಳ್ಳುವ ಕೋಡ್, ಒಂದೇ ದಾರಿ. ಮೂಲದಲ್ಲಿ ತಿದ್ದಿ, ಆವೃತ್ತಿ ಸಂಖ್ಯೆ ಏರಿಸಿ, ಉಳಿದ ಪ್ರಾಜೆಕ್ಟ್‌ಗಳಲ್ಲಿ ಅಪ್‌ಡೇಟ್ ಕೊಡಿ. ಅವತ್ತು ನನ್ನ ಹತ್ತಿರ ಇದಿದ್ದರೆ ಹುಡುಕಾಟವೇ ಇರುತ್ತಿರಲಿಲ್ಲ.

ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರ ಎನ್‌ಪಿಎಂನಲ್ಲಿ ಎಲ್ಲರಿಗೂ ಕಾಣುವ ಪ್ಯಾಕೇಜ್ ಪುಕ್ಕಟೆ, ಖಾಸಗಿ ಬೇಕಾದರೆ ತಿಂಗಳಿಗೆ ದುಡ್ಡು ಕೊಡಬೇಕು. ಚಿಕ್ಕವರಿಗೆ ಅದರ ಅಗತ್ಯ ಇಲ್ಲ. ನಿಮ್ಮ ಖಾಸಗಿ ಗಿಟ್ ರೆಪೊ ವಿಳಾಸವನ್ನೇ ಎನ್‌ಪಿಎಂ ಇನ್‌ಸ್ಟಾಲ್‌ಗೆ ಕೊಡಬಹುದು, ಕೊನೆಯಲ್ಲಿ ಹ್ಯಾಷ್ ಹಾಕಿ ಟ್ಯಾಗ್ (ಆವೃತ್ತಿಗೆ ಇಟ್ಟ ಗುರುತು) ಹೆಸರು ಬರೆದರೆ ಅದೇ ಆವೃತ್ತಿ ಬರುತ್ತದೆ. ಪೈಸೆ ಖರ್ಚಿಲ್ಲ. ಎಲ್ಲ ಕೋಡ್ ಒಂದೇ ರೆಪೊದಲ್ಲಿ ಇರುವ ತಂಡವಾದರೆ ಎನ್‌ಪಿಎಂನ ವರ್ಕ್‌ಸ್ಪೇಸಸ್ (ಒಂದೇ ರೆಪೊ ಒಳಗೇ ಪ್ಯಾಕೇಜ್ ಹಂಚಿಕೊಳ್ಳುವ ಸೌಲಭ್ಯ) ಸಾಕು, 2020ರಲ್ಲಿ ಬಂದ 7ನೇ ಆವೃತ್ತಿಯಿಂದ ಅದು ಒಳಗೇ ಇದೆ.

ಹಾಗಂತ ಎಲ್ಲವನ್ನೂ ಪ್ಯಾಕೇಜ್ ಮಾಡಬೇಡಿ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜ್ ಅನ್ನು ಬರೆದವರೇ ಎನ್‌ಪಿಎಂನಿಂದ ತೆಗೆದುಹಾಕಿದರು. ಸ್ಟ್ರಿಂಗ್‌ನ ಎಡಕ್ಕೆ ಸೊನ್ನೆ ಅಥವಾ ಜಾಗ ತುಂಬುವ ಕೆಲಸ ಅದರದ್ದು. ಹೊಸ ಜಾವಾಸ್ಕ್ರಿಪ್ಟ್ ಅನ್ನು ಹಳೇ ಬ್ರೌಸರ್‌ಗೆ ಹೊಂದಿಸುವ ಬೇಬಲ್‌ನಂಥ ದೊಡ್ಡ ದೊಡ್ಡ ಉಪಕರಣಗಳು ಒಳಗೊಳಗೇ ಅದನ್ನು ನೆಚ್ಚಿಕೊಂಡಿದ್ದವು. ಪ್ರಪಂಚದ ತುಂಬ ಬಿಲ್ಡ್‌ಗಳು, ಅಂದರೆ ಕೋಡ್ ಜೋಡಿಸಿ ತಯಾರು ಮಾಡುವ ಕೆಲಸಗಳು, ಮುರಿದುಬಿದ್ದವು. ಈಗ ಅದೇ ಕೆಲಸಕ್ಕೆ ಜಾವಾಸ್ಕ್ರಿಪ್ಟ್‌ನಲ್ಲೇ ಪ್ಯಾಡ್‌ಸ್ಟಾರ್ಟ್ ಇದೆ. ಹನ್ನೊಂದು ಸಾಲಿಗೆ ಹೊರಗಿನ ಪ್ಯಾಕೇಜ್ ನೆಚ್ಚುವ ಬದಲು ಆ ಸಾಲುಗಳನ್ನೇ ನಿಮ್ಮ ಪ್ರಾಜೆಕ್ಟ್‌ನಲ್ಲಿ ಇಟ್ಟುಕೊಳ್ಳಿ.

ನಿಮ್ಮದೇ ಪ್ಯಾಕೇಜ್‌ಗೂ ಆರೈಕೆ ಬೇಕು. ಆವೃತ್ತಿ, ಬದಲಾವಣೆಯ ಪಟ್ಟಿ, ಪರೀಕ್ಷೆ, ಯಾರು ಒಪ್ಪಿಗೆ ಕೊಡಬೇಕು ಅನ್ನುವ ನಿರ್ಧಾರ. ಒಬ್ಬರೇ ಎರಡು ಸೈಟ್ ನೋಡಿಕೊಳ್ಳುತ್ತಿದ್ದರೆ ಇದು ಭಾರ. ನನ್ನ ಲೆಕ್ಕ ಹೀಗಿದೆ: ನಿಯಮ ಇರುವ ಕೋಡ್, ಅಂದರೆ ಹಣ, ತೆರಿಗೆ, ನಂಬರ್, ತಾರೀಖು, ಮೂರನೇ ಪ್ರಾಜೆಕ್ಟ್‌ಗೆ ಕಾಲಿಟ್ಟ ದಿನ ಪ್ಯಾಕೇಜ್ ಆಗಲಿ. ನೋಟಕ್ಕೆ ಸಂಬಂಧಪಟ್ಟ ಕೋಡ್, ಬಟನ್, ಕಾರ್ಡ್, ಇವು ನಕಲಾಗಿಯೇ ಇರಲಿ. ಪ್ರತಿ ಗಿರಾಕಿಗೂ ಅವು ಬದಲಾಗುತ್ತವೆ. ಬಣ್ಣ ಬೇರೆ ಬೇಕು ಅಂತ ಪ್ಯಾಕೇಜ್‌ಗೆ ಹತ್ತು ಆಯ್ಕೆ ಸೇರಿಸುತ್ತಾ ಹೋದರೆ ಅದು ಯಾರಿಗೂ ಅರ್ಥವಾಗದ ಗಂಟಾಗುತ್ತದೆ.

## ಎಐ ಇರುವಾಗ ಇದೆಲ್ಲ ಬೇಕಾ

ಈ ಪ್ರಶ್ನೆಯನ್ನು ವಿಜಯನಗರದ ಹುಡುಗಿಯೇ ಕೇಳಿದಳು. ನ್ಯಾಯವಾದ ಪ್ರಶ್ನೆ. ಗಿಟ್‌ಹಬ್‌ನ ಎಐ ಸಹಾಯಕ ಕೋಪೈಲಟ್ 2022ರಲ್ಲಿ ಎಲ್ಲರಿಗೂ ಸಿಕ್ಕಾಗಿನಿಂದ ಚೌಕಟ್ಟಿನ ಕೋಡ್ ಟೈಪ್ ಮಾಡುವ ಕೆಲಸ ನನಗೂ ಕಡಿಮೆಯಾಗಿದೆ. ಆದರೆ ಕೇಳಿದಾಗಲೆಲ್ಲ ಅದು ಹೊಸದಾಗಿ ಬರೆದುಕೊಡುತ್ತದೆ. ಇವತ್ತು ಕೊಟ್ಟದ್ದು, ನಾಳೆ ಕೊಟ್ಟದ್ದು ಒಂದೇ ಥರ ಇರಬೇಕಾಗಿಲ್ಲ. ಪ್ರತಿ ಸಲ 6ರಿಂದ ಶುರುವಾಗುವ ನಂಬರ್ ಹಾಕಿ ನಾವೇ ನೋಡಬೇಕು. ಎತ್ತಿಟ್ಟ ಸ್ನಿಪೆಟ್ ಅನ್ನು ಒಮ್ಮೆ ನೋಡಿಯಾಗಿದೆ, ಪರೀಕ್ಷೆ ಪಕ್ಕದಲ್ಲೇ ಇದೆ.

ಎರಡನ್ನೂ ಜೋಡಿಸುವುದು ಒಳ್ಳೆಯದು. ಪ್ರಾಜೆಕ್ಟ್‌ನಲ್ಲಿ ಎಐಗೆ ಸೂಚನೆ ಕೊಡುವ ಫೈಲ್ ಇಡಬಹುದು. ಹಣ ತೋರಿಸಲು ಈ ಫಂಕ್ಷನ್, ತಾರೀಖಿಗೆ ಈ ಫಂಕ್ಷನ್, ಹೊಸದು ಬರೆಯಬೇಡ ಅಂತ ಅಲ್ಲಿ ನಾಲ್ಕು ಸಾಲು ಹಾಕಿ. ಹೆಚ್ಚಾಗಿ ಆ ಮಾತು ಕೇಳುತ್ತದೆ, ಆದರೂ ಒಮ್ಮೆ ಕಣ್ಣಾಡಿಸಿ. ಗಿರಾಕಿಯ ಗುಟ್ಟಿನ ಕೋಡ್ ಅನ್ನು ಎಐಗೆ ಕೊಡಬಹುದಾ ಅಂತ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ.

## ಯಂತ್ರದ ಸೆಟಪ್

ಕೋಡ್ ಎತ್ತಿಟ್ಟರೂ ಅದು ಓಡುವ ಯಂತ್ರ ಬೇರೆ ಇದ್ದರೆ ಕಷ್ಟ. ಕನಿಷ್ಠ ಎರಡು ಫೈಲ್ ಪ್ರತಿ ಪ್ರಾಜೆಕ್ಟ್‌ನಲ್ಲೂ ಇರಲಿ. ಯಾವ ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್) ಆವೃತ್ತಿ ಅಂತ ಹೇಳುವ ಎನ್‌ವಿಎಂಆರ್‌ಸಿ, ಸ್ಪೇಸ್ ಎಷ್ಟು, ಟ್ಯಾಬ್ ಎಷ್ಟು ಅಂತ ಹೇಳುವ ಎಡಿಟರ್‌ಕಾನ್ಫಿಗ್. ಐದು ನಿಮಿಷದ ಕೆಲಸ, ಎಷ್ಟೋ ಜಗಳ ತಪ್ಪಿಸುತ್ತದೆ.

ಡೇಟಾಬೇಸ್, ಸರ್ವರ್ ಎಲ್ಲ ಸೇರಿದ ಪ್ರಾಜೆಕ್ಟ್ ಆದರೆ ಡಾಕರ್ (ಎಲ್ಲರ ಯಂತ್ರದಲ್ಲೂ ಒಂದೇ ಥರದ ಪರಿಸರ ಓಡಿಸುವ ಉಪಕರಣ) ನೋಡಿ. ಆದರೆ 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಡಾಕರ್, ಬ್ರೌಸರ್, ಎಡಿಟರ್ ಮೂರೂ ಓಡಿಸಿದರೆ ಯಂತ್ರ ಉಸಿರುಗಟ್ಟುತ್ತದೆ. ರ‍್ಯಾಮ್ ಬದಲಿಸಬಹುದಾದ ಮಾಡೆಲ್ ಆಗಿದ್ದರೆ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಬೀದಿ ಎಸ್‌ಪಿ ರೋಡ್‌ಗೆ ಹೋಗಿ 16 ಜಿಬಿ ಮಾಡಿಸಿಕೊಳ್ಳಿ. ಹೋಗುವ ಮೊದಲು ನಿಮ್ಮ ಮಾಡೆಲ್‌ಗೆ ಯಾವ ರ‍್ಯಾಮ್ ಹಿಡಿಯುತ್ತೆ ಅಂತ ಬರೆದುಕೊಂಡು ಹೋಗಿ. ಅದಾಗದಿದ್ದರೆ ಗಿಟ್‌ಹಬ್ ಕೋಡ್‌ಸ್ಪೇಸಸ್ ಇದೆ, ಯಂತ್ರ ಅವರದ್ದು, ಬ್ರೌಸರ್ ನಮ್ಮದು. ವೈಯಕ್ತಿಕ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಪುಕ್ಕಟೆ, ಅಂದರೆ ಎರಡು ಕೋರ್ ಯಂತ್ರದಲ್ಲಿ 60 ಗಂಟೆ. ಓದುವವರಿಗೆ ಸಾಕು. ದಿನವಿಡೀ ಕೆಲಸ ಮಾಡುವವರಿಗೆ ಎರಡನೇ ವಾರಕ್ಕೇ ಮುಗಿಯುತ್ತದೆ.

## ಹಳಸಿದ್ದನ್ನು ತೆಗೆಯುವುದು

ಎಲ್ಲಿಟ್ಟರೂ ವರ್ಷಕ್ಕೊಮ್ಮೆ ಡಬ್ಬಿ ತೆರೆದು ನೋಡಲೇಬೇಕು. ಹೋದ ವರ್ಷ ನಾನು ನೋಡಿದಾಗ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗಾಗಿ ಬರೆದ ಆರು ತುಣುಕು ಇನ್ನೂ ಇದ್ದವು. ಆ ಬ್ರೌಸರ್‌ಗೆ 2022ರ ಜೂನ್‌ನಲ್ಲೇ ಮೈಕ್ರೋಸಾಫ್ಟ್ ವಿದಾಯ ಹೇಳಿತ್ತು. ಆಬ್ಜೆಕ್ಟ್ ನಕಲು ಮಾಡಲು ಜೇಸನ್‌ಗೆ ತಿರುಗಿಸಿ ಮತ್ತೆ ವಾಪಸ್ ತರುವ ಹಳೇ ಉಪಾಯವೂ ಇತ್ತು. ಅದರಲ್ಲಿ ತಾರೀಖು ಹೋಗಿ ಬರೀ ಸ್ಟ್ರಿಂಗ್ ಆಗಿ ವಾಪಸ್ ಬರುತ್ತದೆ. ಈಗ ಆ ನಕಲನ್ನು ಸರಿಯಾಗಿ ಮಾಡುವ ಸ್ಟ್ರಕ್ಚರ್ಡ್-ಕ್ಲೋನ್ ಎಲ್ಲ ದೊಡ್ಡ ಬ್ರೌಸರ್‌ಗಳಲ್ಲೂ ಇದೆ. ಲಕ್ಷ, ಕೋಟಿಗೆ ಅಲ್ಪವಿರಾಮ ಹಾಕುವ ನನ್ನ ಹನ್ನೆರಡು ಸಾಲಿನ ಫಂಕ್ಷನ್ ಕೂಡ ಹೋಯಿತು. ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಇಂಟ್ಲ್ ನಂಬರ್‌ಫಾರ್ಮ್ಯಾಟ್‌ಗೆ ಇಎನ್-ಐಎನ್ (ಭಾರತದ ಇಂಗ್ಲಿಷ್) ಅಂತ ಕೊಟ್ಟರೆ 1,23,456 ಅಂತ ತಾನೇ ಬರೆಯುತ್ತದೆ.

## ಮೂವರೂ ಏನು ಮಾಡಿದರು

ವೈಟ್‌ಫೀಲ್ಡ್‌ನವರಿಗೆ ನಾನು ಹೇಳಿದ್ದು ವರ್ಕ್‌ಸ್ಪೇಸಸ್. ತಾರೀಖು ಮತ್ತು ಹಣದ ಫಂಕ್ಷನ್‌ಗಳು ಮಾತ್ರ ಪ್ಯಾಕೇಜ್, ಉಳಿದದ್ದು ಪ್ರಾಜೆಕ್ಟ್ ಸ್ನಿಪೆಟ್. ಆರು ಫಂಕ್ಷನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಎರಡರಲ್ಲಿ ಆ ಐದೂವರೆ ಗಂಟೆಯ ತಪ್ಪು ಇತ್ತಂತೆ. ಮೊದಲು ಅದನ್ನು ಸರಿಪಡಿಸಿಕೊಂಡರು.

ಜಯನಗರದ ಗೆಳತಿಗೆ ಟೆಂಪ್ಲೇಟ್ ರೆಪೊ ಒಂದು, ಜೊತೆಗೆ ಗಿಟ್ ವಿಳಾಸದಿಂದಲೇ ಇನ್‌ಸ್ಟಾಲ್ ಆಗುವ ಒಂದೇ ಒಂದು ಚಿಕ್ಕ ಪ್ಯಾಕೇಜ್. ಖರ್ಚು ಸೊನ್ನೆ. "ಇಷ್ಟೇನಾ? ನಾನು ಏನೇನೋ ಕೊಳ್ಳಬೇಕು ಅಂದ್ಕೊಂಡಿದ್ದೆ ಕಣೇ" ಅಂದಳು. ಒಂದು ಭಾನುವಾರ ಕೂತು ಅವಳ ಏಳು ಸೈಟ್‌ಗಳಲ್ಲಿ ಫಾರಂ ಪರೀಕ್ಷೆಯನ್ನು ಅದಕ್ಕೆ ಬದಲಿಸಿದೆವು. ನಾಲ್ಕರಲ್ಲಿ 6ರ ನಂಬರ್ ಸೇರುತ್ತಿರಲಿಲ್ಲ.

ವಿಜಯನಗರದ ಹುಡುಗಿಗೆ ಎಡಿಟರ್ ಸ್ನಿಪೆಟ್ ಮತ್ತು ಒಂದು ಖಾಸಗಿ ರೆಪೊ ಸಾಕು ಅಂದೆ. ಸಿಂಕ್ ಅನ್ನು ಸ್ವಂತ ಖಾತೆಯಲ್ಲೇ ಆನ್ ಮಾಡಿಕೊಂಡಿದ್ದಾಳೆ. ಮೊನ್ನೆ ತನ್ನ ಮೊದಲ ಫೈಲ್ ಕಳಿಸಿದಳು. ಕನ್ನಡ ಹೆಸರನ್ನು ಒತ್ತಕ್ಷರದ ನಡುವೆ ಕತ್ತರಿಸದೆ ಚಿಕ್ಕದು ಮಾಡುವ ಫಂಕ್ಷನ್. ಪರೀಕ್ಷೆ ಫೈಲ್‌ನ ಮೊದಲ ಸಾಲಿನಲ್ಲಿ ಅವಳ ಅಜ್ಜಿಯ ಹೆಸರಿತ್ತು, ಎರಡು ಒತ್ತುಗಳ ಸಮೇತ.